ಚೂರಮ್ಮನ ಪಾರ್ಸೆಲ್

ರಟ್ಟಿನಂಗಡಿಯ ಪೆಟ್ಟಿಗೆ ಮಾಮ ಸ್ಟೂಲು ಹತ್ತಿ ನಿಂತು, ರಟ್ಟಿನ ಪೆಟ್ಟಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಕೈಬಿಟ್ಟ. ಮೂಲೆ ಮೊದಲು ನೆಲಕ್ಕೆ ಬಡಿಯಿತು. ಅವಳು ಕಣ್ಣು ಮುಚ್ಚಿಕೊಂಡಳು.

"ತೆಗೆದು ನೋಡು," ಎಂದ.

ಟೇಪು ಕೊಯ್ದು, ತುರಿದ ಕಾಗದ ಸರಿಸಿ ಅವಳು ಬಟ್ಟಲನ್ನು ಹೊರತೆಗೆದಳು. ತಾನೇ ಚಕ್ರದ ಮೇಲೆ ತಿರುಗಿಸಿ, ತಾನೇ ಬಣ್ಣ ಕೊಟ್ಟು ಸುಟ್ಟ ನೀಲಿ ಪಿಂಗಾಣಿ ಬಟ್ಟಲು. ಕೂದಲೆಳೆಯಷ್ಟೂ ಬಿರುಕಿಲ್ಲ.

"ಹಾಗಾದ್ರೆ ಆ ಮನೇಲಿ ಮಾತ್ರ ಯಾಕೆ ಒಡೆಯುತ್ತೆ ಮಾಮ?"

ತಿಂಗಳಿಗೆ ನಲವತ್ತು ಮನೆಗಳಿಗೆ ಅವಳ ಬಟ್ಟಲುಗಳು ಹೋಗುತ್ತಿದ್ದವು. ಮೂವತ್ತೊಂಬತ್ತು ಸುಖವಾಗಿ ತಲುಪುತ್ತಿದ್ದವು. ಉಳಿದ ಒಂದು, ದೂರದ ಊರಿನ ಒಂದು ಹೊಲಿಗೆ ಅಂಗಡಿಯ ವಿಳಾಸಕ್ಕೆ ಹೋಗುವುದು, ತಲುಪಿದ ಮಾರನೆಯ ದಿನವೇ ಚೂರಾಗಿ ಫೋಟೋದಲ್ಲಿ ಮರಳಿ ಬರುತ್ತಿತ್ತು. ಜೊತೆಗೆ ಒಂದೇ ಸಾಲು: ಬಟ್ಟಲು ಒಡೆದಿದೆ, ಬದಲಿ ಕಳಿಸಿ. ಹೀಗೆ ಆರು ಸಲ. ಆ ಗಿರಾಕಿಗೆ ಚೂರಮ್ಮ ಎಂದು ಹೆಸರಿಟ್ಟವನು ಮಾಮನೇ.

ಮೊದಲ ಸಲದ್ದು ತನ್ನದೇ ತಪ್ಪೆಂದು ಅವಳು ಒಪ್ಪಿದ್ದಳು. ಕೈಗೆ ಸಿಕ್ಕ ಮೂರು ಪದರದ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದಳು. ಮಾಮ ಬೈದಿದ್ದ. "ದೊಡ್ಡದು ಅಂದ್ರೆ ಭದ್ರ ಅಂತಲ್ಲಮ್ಮ. ಒಳಗೆ ಜಾಗ ಇದ್ರೆ ಸಾಮಾನು ಕುಣಿಯುತ್ತೆ. ಸುತ್ತಲೂ ಎರಡೇ ಬೆರಳು ಬಿಡು, ಅದನ್ನೂ ಕಾಗದದಿಂದ ತುಂಬು." ಐದು ಪದರದ ರಟ್ಟು ಕೊಟ್ಟ. ರಟ್ಟಿನ ಪದರಗಳ ನಡುವಿನ ಅಲೆಯಂಥ ಸುಕ್ಕುಗಳು ಮೇಲುಕೆಳಗಾಗಿ ನಿಂತರೆ ಭಾರ ಹೊರುತ್ತವೆ, ಅಡ್ಡ ಮಲಗಿದರೆ ಕುಸಿಯುತ್ತವೆ ಎಂದು ಉಗುರಿನಿಂದ ಗೀಚಿ ತೋರಿಸಿದ. ಆಮೇಲೆ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ. ಆಮೇಲೆ ಏಳು ಪದರ. ಮೋಟಾರು ಕಳಿಸುವಂಥ ರಟ್ಟಿನಲ್ಲಿ ಒಂದು ಅಂಗೈಯಗಲದ ಬಟ್ಟಲು.

ಅದೂ ಒಡೆಯಿತು.

ಪ್ರತಿ ಬದಲಿ ಬಟ್ಟಲಿನ ಜೊತೆ ಅವಳು ಕೈಯಾರೆ ಒಂದು ಕಾಗದ ಬರೆದಿಡುತ್ತಿದ್ದಳು. ಮೊದಲು ಎರಡು ಸಾಲಿತ್ತು. ಬರಬರುತ್ತ ಉದ್ದವಾಯಿತು. ಕೊನೆಯದರಲ್ಲಿ ಹೀಗೆ ಬರೆದಿದ್ದಳು: "ತಪ್ಪು ನನ್ನದೇ. ಎಷ್ಟು ಜೋಪಾನ ಮಾಡಿದರೂ ನಿಮ್ಮ ಮನಸ್ಸಿಗೆ ನೋವೇ ಆಗುತ್ತಿದೆ. ದಯವಿಟ್ಟು ಕ್ಷಮಿಸಿ, ನನ್ನನ್ನು ಕೈಬಿಡಬೇಡಿ."

ಅದನ್ನು ಓದಿ ಮಾಮ ಕನ್ನಡಕ ಒರೆಸಿಕೊಂಡಿದ್ದ. "ಯಾರೋ ಗಿರಾಕಿಗೆ ಇಷ್ಟು ನಯವಾಗಿ ಬರೀತೀಯ. ನಿಮ್ಮಮ್ಮನಿಗೆ ಒಂದು ಸಾಲು ಬರೆಯೋಕೆ ಆಗಲ್ವಾ?"

"ಗಿರಾಕಿ ಏನು ಒಡೆದಿದೆ ಅಂತ ತೋರಿಸ್ತಾರೆ ಮಾಮ. ಅಮ್ಮ ಬಾಗಿಲು ಹಾಕ್ಕೊಂಡ್ಳು, ಅಷ್ಟೇ."

ಶಾಲೆಯ ಕೆಲಸ ಬಿಟ್ಟು ಮಣ್ಣಿಗೆ ಕೈಹಾಕಿದ ದಿನ ಆಡಬಾರದ್ದನ್ನೆಲ್ಲ ಆಡಿ ಮನೆಬಿಟ್ಟವಳು ಅವಳು. ಕ್ಷಮೆ ಕೇಳುವವರೆಗೆ ಹೊಸಿಲು ತುಳಿಯಬೇಡ ಎಂದವಳು ಅಮ್ಮ. ಐದು ವರ್ಷವಾಗಿತ್ತು. ಅಮ್ಮ ಆ ಮನೆ ಖಾಲಿ ಮಾಡಿದ ಸುದ್ದಿ ಬಂದಾಗಲೂ ಎಲ್ಲಿಗೆ ಹೋದಳೆಂದು ಇವಳು ಕೇಳಿರಲಿಲ್ಲ.

ಈಗ ಮಾಮ ಆರನೆಯ ಫೋಟೋವನ್ನು ಹಿಗ್ಗಿಸಿ ತೋರಿಸಿದ. "ಪೆಟ್ಟಿಗೆ ಮೂಲೆ ನೋಡು. ಒಂದು ಗುದ್ದಿಲ್ಲ. ಇದು ದಾರೀಲಿ ಒಡೆದದ್ದಲ್ಲ ಮಗಳೇ. ಬೇಕಂತ ಒಡೆದದ್ದು."

ಅವಳ ಮೈ ಉರಿದುಹೋಯಿತು. ಏಳನೆಯ ಪೆಟ್ಟಿಗೆಯನ್ನು ಪಾರ್ಸೆಲ್ ಆಫೀಸಿಗೆ ಕೊಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಮಸೆದಳು. ನನ್ನ ಕಣ್ಣೆದುರೇ ಬಿಚ್ಚಿ. ಒಂದೊಂದು ಬಟ್ಟಲಿಗೆ ಎಷ್ಟು ದಿನ ಹಿಡಿಯುತ್ತೆ ಗೊತ್ತಾ ನಿಮಗೆ?

ಹೊಲಿಗೆ ಅಂಗಡಿಯಲ್ಲಿ ಅವಳದೇ ವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು. ಪೆಟ್ಟಿಗೆ ಕಂಡದ್ದೇ ಮಿಷನ್ನು ನಿಲ್ಲಿಸಿ ಎದ್ದು ನಿಂತಳು.

"ಆರ್ಡರು ನನ್ನ ಹೆಸರಲ್ಲಿತ್ತು. ಬಟ್ಟಲು ನನಗಲ್ಲ," ಎಂದಳು. "ಮೇಲಿನ ರೂಮಿನ ಅಜ್ಜಿಗೆ. ಮೊದಲನೇದು ನಿಜವಾಗ್ಲೂ ಒಡೆದೇ ಬಂತು. ಆಮೇಲಿನ ಐದೂ ಚೆನ್ನಾಗೇ ಬಂದ್ವು. ಬಂದ ದಿನ ಅದರಲ್ಲೇ ನೀರು ಕುಡೀತಿದ್ರು. ಮಾರನೇ ದಿನ ಟವೆಲಲ್ಲಿ ಸುತ್ತಿ ಕುಟ್ಟಿ ಒಡೀತಿದ್ರು. ಅಳ್ತಾ ಒಡೀತಿದ್ರು. ಫೋಟೋ ಕಳಿಸ್ತಿದ್ದೋಳು ನಾನೇ. ತಪ್ಪಾಯ್ತು."

"ಅವರನ್ನ ಕರೀರಿ."

"ಹೋದ ಮಂಗಳವಾರ ತೀರ್ಕೊಂಡ್ರು. ನಿದ್ದೇಲೇ."

ಮಸೆದ ಮಾತುಗಳಿಗೆ ಹೋಗಲು ಜಾಗವಿರಲಿಲ್ಲ. ಅವಳು ಪೆಟ್ಟಿಗೆಯ ಸಮೇತ ಬಟ್ಟೆಯ ರಾಶಿಯ ಪಕ್ಕ ಕುಳಿತಳು. ಗುರುತಿಲ್ಲದ ಮುದುಕಿಯೊಬ್ಬಳ ಮೇಲೆ ಇಷ್ಟು ದೂರದಿಂದ ಜಗಳ ಹೊತ್ತು ತಂದಿದ್ದಕ್ಕೆ ನಾಚಿಕೆಯಾಯಿತು.

"ಇಷ್ಟಪಟ್ಟು ನೀರು ಕುಡಿಯೋ ಬಟ್ಟಲನ್ನ ಯಾಕೆ ಒಡೀತಿದ್ರು?"

"ಬದಲಿ ಬಂದಾಗೆಲ್ಲ ಜೊತೆಗೊಂದು ಕಾಗದ ಬರ್ತಿತ್ತಲ್ಲ, ಅದಕ್ಕೆ."

ಹೊಲಿಗೆಯವಳು ಡ್ರಾಯರಿನಿಂದ ಐದು ಕಾಗದ ತೆಗೆದು ಅವಳ ಕೈಗಿಟ್ಟಳು. ಮಡಿಕೆಗಳು ಸವೆದು ಹರಿದಿದ್ದವು. ಹರಿದಲ್ಲೆಲ್ಲ ಯಾರೋ ಹಿಂದಿನಿಂದ ಅಂಟುಕಾಗದ ಹಚ್ಚಿದ್ದರು.

"ಅಜ್ಜಿಗೆ ಕಣ್ಣು ಮಂಜಾಗಿತ್ತು," ಎಂದಳು ಹೊಲಿಗೆಯವಳು. "ನಾನು ಓದಿ ಹೇಳ್ಲಾ ಅಂದ್ರೆ ಸಿಟ್ಟು ಬರೋದು. 'ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದೋಳು ನಾನು. ಹೆತ್ತೋಳಿಗೆ ಮಗಳು ಬರೆದಿದ್ದನ್ನ ಇನ್ನೊಬ್ಬರು ಓದಿ ಹೇಳಬೇಕಾ?' ಅನ್ನೋರು."