ಪಾರ್ಕಿಂಗಿನ ಪಾಠ

ಆ ಹುಡುಗ ಮತ್ತೊಂದು ಬಿಳಿ ಕಾರಿನ ಸುತ್ತ ಬಂದ. ಕಿಟಕಿಗೆ ಅಂಗೈ ಒತ್ತಿ ಒಳಗೆ ಇಣುಕಿದ. ಅದನ್ನು ಬಿಟ್ಟು ಮುಂದಿನದಕ್ಕೆ ಹೋದ.

“ನೋಡಿದ್ರಾ?” ಲಯನೆಲ್ ಕ್ಯಾಮೆರಾ ಕೆಳಗಿಳಿಸಿದ. “ಹೀಗೇ ಶುರು ಆಗುವುದು.”

ಲಯನೆಲ್ ಮದುವೆ ಫೋಟೋಗ್ರಾಫರ್. ಹೋದ ಭಾನುವಾರ ಇದೇ ಸುರತ್ಕಲ್ ಬೀಚಿನ ಪಾರ್ಕಿಂಗಿನಲ್ಲಿ ಅವನ ಕಾರಿನ ಹಿಂದಿನ ಗಾಜು ಒಡೆದು ಯಾರೋ ಲೆನ್ಸ್ ಹೊತ್ತೊಯ್ದಿದ್ದರು. ಗಾಜಿನ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಆ ಒಂದೇ ವಾರದಲ್ಲಿ ಅವನು ಕಾರು ಕಳ್ಳತನದ ಮಹಾಪಂಡಿತನಾಗಿಬಿಟ್ಟಿದ್ದ.

“ಅಲ್ಲಿ ನೋಡಿ, ಸೀಟಿನ ಮೇಲೆ ಟವೆಲ್ ಹೊದಿಸಿದ್ದಾರೆ. ಅಡಿಯಲ್ಲಿ ಬ್ಯಾಗ್ ಉಂಟು ಅಂತ ಬೋರ್ಡ್ ಹಾಕಿದ ಹಾಗೆ. ಇನ್ನು ಕೆಲವರು ಇಲ್ಲಿಗೆ ಬಂದು, ಎಲ್ಲರ ಎದುರೇ ಡಿಕ್ಕಿ ತೆಗೆದು ಅದರಲ್ಲಿ ಇಡ್ತಾರೆ. ಕಳ್ಳನಿಗೂ ಕಣ್ಣುಂಟು ಅಂತ ತಲೆಗೇ ಹೋಗುದಿಲ್ಲ. ಓದಿದವರು ಬೇರೆ!”

ಡೆರಿಲ್ ಮತ್ತು ಆಂಡ್ರಿಯಾ ತಲೆಯಾಡಿಸಿದರು. ನಿನ್ನೆಯಷ್ಟೇ ಮದುವೆಯಾದವರು, ಇವತ್ತು ಸಮುದ್ರದಲ್ಲಿ ಫೋಟೋ ತೆಗೆಸಲು ಬಂದಿದ್ದರು. ಆಂಡ್ರಿಯಾಳ ಕಣ್ಣು ಮಾತ್ರ ಲಯನೆಲ್‌ನ ಹೆಗಲಿನ ಕಪ್ಪು ಬ್ಯಾಗಿನ ಮೇಲಿತ್ತು. ಮದುವೆಯ ಫೋಟೋ, ವಿಡಿಯೋ ಇದ್ದ ಮೆಮೊರಿ ಕಾರ್ಡುಗಳೆಲ್ಲ ಅದರಲ್ಲೇ ಇದ್ದವು, ಇನ್ನೂ ಕಾಪಿ ಆಗಿರಲಿಲ್ಲ. ಆಸ್ಪತ್ರೆಯಿಂದ ಸ್ವಲ್ಪ ಹೊತ್ತಿಗೆಂದು ಕರೆತಂದಿದ್ದ ಅವಳ ಅಪ್ಪ ಮದುವೆ ಹಾಲ್‌ನಲ್ಲಿ ಅವಳ ಕೈ ಹಿಡಿದು ಒಂದು ಸುತ್ತು ಕುಣಿದಿದ್ದರು. ಅವರು ಇನ್ನೊಮ್ಮೆ ಕುಣಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು.

ಲಯನೆಲ್ ಸೀದಾ ಹೋಗಿ ಹುಡುಗನ ಎದುರು ನಿಂತ. “ಹೆಸರೆಂತ?”

“ರಾಝಿಕ್.”

“ಎಂತ ಹುಡುಕ್ತಾ ಇದ್ದಿ?”

“ನಮ್ಮ ಕಾರು, ಅಣ್ಣ. ನನ್ನ ದೋಸ್ತಿ ಬದ್ರುವಿನ ಭಾವಂದು. ನಮ್ಮನ್ನು ಗೇಟಲ್ಲಿ ಇಳಿಸಿ ಬದ್ರುವೇ ಪಾರ್ಕ್ ಮಾಡಿದ್ದು. ಈಗ ನೀರಲ್ಲಿದ್ದಾನೆ. ಗ್ಲಾಸ್ ಹಾಕಿದೆನೋ ಇಲ್ಲವೋ ಅಂತ ಡೌಟಂತೆ, ನೋಡಿ ಬಾ ಅಂದ.”

“ನಂಬರ್?”

“ಗೊತ್ತಿಲ್ಲ. ಬಿಳಿ.”

“ಬಿಳಿ!” ಲಯನೆಲ್ ಸುತ್ತಲಿದ್ದವರ ಕಡೆ ತಿರುಗಿದ. “ಕೇಳಿದ್ರಾ? ಇಲ್ಲಿ ಅರ್ಧ ಕಾರು ಬಿಳಿಯೇ. ಕೀ ಎಲ್ಲಿ?”

“ಬದ್ರುವಿನ ಹತ್ರ. ಆಯ್ತು ಅಣ್ಣ, ನೋಡಿದೆ. ಯಾವ ಕಾರೂ ತೆರೆದು ಬಿಟ್ಟು ಹೋಗಿಲ್ಲ.”

“ತೆರೆದು ಹೋಗಿಲ್ಲ ಅಂತ ಬೇಜಾರಾ ಮಾರಾಯ?”

ಜನ ನಕ್ಕರು. ರಾಝಿಕ್‌ನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಮರಳಿನತ್ತ ನಡೆದುಬಿಟ್ಟ.

“ಕತೆ ಕಟ್ಟಲಿಕ್ಕೂ ಬರುದಿಲ್ಲ ಇವಕ್ಕೆ,” ಎಂದ ಲಯನೆಲ್.

ಇಡೀ ಪಾರ್ಕಿಂಗಿನಲ್ಲಿ ಬುದ್ಧಿ ಇರುವವರು ಒಂದೇ ಮನೆಯವರು ಎಂದು ಅವನಿಗೆ ಅನಿಸಿದ್ದು ಆಮೇಲೆ. ಕೊನೆಯ ಗಾಳಿಮರದ ನೆರಳಲ್ಲಿ ನಿಂತ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿ ಹೋಗಿದ್ದರು. ಗ್ಲಾಸು ಪೂರ್ತಿ ಇಳಿದಿತ್ತು, ಗಾಳಿ ಆಡುತ್ತಿತ್ತು. ಅಜ್ಜಿ ಡ್ಯಾಶ್‌ಬೋರ್ಡಿನ ಡ್ರಾಯರ್ ತಡಕಾಡುತ್ತಿದ್ದರು.

“ಎಂತ ಬೇಕು ಆಂಟಿ?”

ಅಜ್ಜಿ ಬೆಚ್ಚಿದರು. ಮತ್ತೆ ನಕ್ಕರು. “ಬಿಪಿ ಮಾತ್ರೆ, ಪುತಾ. ಎಲ್ಲಿ ಇಟ್ಟಿದ್ದಾರೋ ಏನೋ.”

ಮಗನೇ ಎನ್ನಲು ‘ಪುತಾ’ ಎಂದದ್ದೇ ತಡ, ಲಯನೆಲ್ ಕೊಂಕಣಿಗೆ ತಿರುಗಿದ. ಅಜ್ಜಿಯ ಹೆಸರು ಅಪೊಲೋನಿಯಾ, ಊರು ಜೆಪ್ಪು. ಲಯನೆಲ್‌ನ ತಾಯಿಯ ತವರೂ ಜೆಪ್ಪುವೇ. ಇನ್ನೇನು ಬೇಕು? ನೆಂಟಸ್ತಿಕೆಯೇ ಆಗಿಹೋಯಿತು.

“ಕಾರಿನವರೆಲ್ಲ ನೀರಿಗೆ ಹೋಗಿದ್ದಾರೆ,” ಎಂದರು ಅಜ್ಜಿ. “ನನ್ನ ಮಂಡಿಗೆ ಮರಳು ಆಗುದಿಲ್ಲ. ಆ ಹುಡುಗ ಆಗ ಈಚೆ ಬಂದು ನನ್ನನ್ನು ನೋಡಿ ಹೋದ. ನಂಗೆ ಎದೆ ಹೊಡ್ಕೊಂಡಿತು.”

“ಹೆದರ್ಬೇಡಿ ಆಂಟಿ, ಅವನಿಗೆ ಸರಿಯಾಗಿ ಕೊಟ್ಟಿದ್ದೇನೆ.” ಲಯನೆಲ್ ಡೆರಿಲ್‌ನತ್ತ ತಿರುಗಿದ. “ನೋಡಿ, ಇದಕ್ಕೆ ತಲೆ ಅಂತ ಹೇಳುದು. ಅಲಾರಾಂ ಬೇಡ, ಸಿಸಿಟಿವಿ ಬೇಡ. ಗ್ಲಾಸ್ ಇಳಿಸಿಯೇ ಇದ್ದರೂ ಯಾವ ಕಳ್ಳ ಬರ್ತಾನೆ? ಒಳಗೆ ಜನ ಉಂಟಲ್ಲ!”

ಫೋಟೋಗೆ ಸೊಂಟದವರೆಗಿನ ನೀರಿಗೆ ಇಳಿಯಬೇಕಿತ್ತು. ತೆರೆ ಜೋರಿತ್ತು.

“ಬ್ಯಾಗ್ ನಂಗೆ ಕೊಡಿ, ಹೆಗಲಿಗೆ ಹಾಕ್ತೇನೆ,” ಎಂದಳು ಆಂಡ್ರಿಯಾ.

“ಬಿಳಿ ಗೌನಿಗೆ ಕಪ್ಪು ಬ್ಯಾಗಾ? ಭಾರೀ ಚಂದ ಕಾಣ್ತದೆ. ಉಪ್ಪುನೀರು ಬಿದ್ದರೆ ನಿಮ್ಮ ಮದುವೆ ಅಲ್ಲೇ ಮುಗೀತು.” ಲಯನೆಲ್ ಬ್ಯಾಗನ್ನು ಅಜ್ಜಿಯ ಮಡಿಲಿಗಿಟ್ಟ. “ಇವರ ನಿನ್ನೆಯ ಮದುವೆ ಇಡೀ ಇದರಲ್ಲಿ ಉಂಟು ಆಂಟಿ. ಕೈ ಬಿಡ್ಬೇಡಿ.”

“ನಾನು ಬಿಡುವವಳಲ್ಲ, ಪುತಾ.”

ತೆರೆ ಬಂತು, ಗೌನು ಹಾರಿತು, ಇಬ್ಬರೂ ನಕ್ಕರು. ಲಯನೆಲ್ ನೀರಲ್ಲಿ ನಿಂತು ಒಂದರ ಹಿಂದೊಂದು ಕ್ಲಿಕ್ಕಿಸಿದ. ಕೊನೆಗೆ ಆಂಡ್ರಿಯಾಳೇ ದಡದತ್ತ ನೋಡಿ ನಗು ನಿಲ್ಲಿಸಿದಳು. ಗಾಳಿಮರದ ಕೆಳಗೆ ರಾಝಿಕ್ ಅದೇ ಕಾರಿನ ಕಿಟಕಿಯೊಳಗೆ ತಲೆ ಹಾಕಿದ್ದ.

ಲಯನೆಲ್ ಒದ್ದೆ ಪ್ಯಾಂಟಿನಲ್ಲೇ ಓಡಿದ. ಸೀಟು ಖಾಲಿ. ಅಜ್ಜಿ ಇಲ್ಲ, ಬ್ಯಾಗೂ ಇಲ್ಲ. ಹೋಗಿ ಹುಡುಗನ ಕಾಲರ್ ಹಿಡಿದ.

“ಎಲ್ಲಿ ಹಾಕಿದೆ ಬ್ಯಾಗ್? ಆ ಮುದುಕಿಗೆ ಎಂತ ಮಾಡಿದೆ?”

“ನಾನು ಬರುವಾಗ ಯಾರೂ ಇರ್ಲಿಲ್ಲ ಅಣ್ಣ. ನಾನು ಹೇಳುದು ಸ್ವಲ್ಪ ಕೇಳಿ, ಈ ಕಾರು...”

“ಬಾಯಿ ಮುಚ್ಚು!”

ಜನ ಸೇರಿದರು. ಯಾರೋ ರಾಝಿಕ್‌ನ ತಲೆಗೆ ಹಿಂದಿನಿಂದ ಬಾರಿಸಿದರು. ಆಂಡ್ರಿಯಾ ಕಾರಿನ ಸೀಟಿನಡಿ ಕೈ ಹಾಕಿ ಹುಡುಕಿದಳು, ಮ್ಯಾಟ್ ಎತ್ತಿದಳು, ಮತ್ತೆ ಅದೇ ಸೀಟಿನಡಿ ಹುಡುಕಿದಳು. “ನನ್ನ ಪಪ್ಪ,” ಎಂದಳಷ್ಟೇ.

“ಎಲ್ಲಿಗೂ ಹೋಗುದು ಬೇಡ,” ಲಯನೆಲ್ ಹುಡುಗನನ್ನು ಬಾನೆಟ್ಟಿಗೆ ಒತ್ತಿ ಹಿಡಿದ. “ಕಾರಿನವರು ಬರ್ಲಿ. ಆ ಅಜ್ಜಿಯ ಮಕ್ಕಳೇ ಬಂದು ಇವನನ್ನು ವಿಚಾರಿಸ್ಲಿ.”

ಅಷ್ಟರಲ್ಲಿ ಮೈಯಿಂದ ನೀರು ಸುರಿಸುತ್ತಾ, ಬೆರಳಲ್ಲಿ ಕೀ ತಿರುಗಿಸುತ್ತಾ ಬದ್ರುದ್ದೀನ್ ಗುಂಪನ್ನು ಸರಿಸಿ ಒಳಬಂದ: “ಎಂತ ರಾಝಿಕ್, ಗ್ಲಾಸ್ ನೋಡ್ಲಿಕ್ಕೆ ಕಳಿಸಿದ್ರೆ ನಮ್ಮ ಕಾರಿನ ಹತ್ರ ಇಡೀ ಊರನ್ನೇ ಸೇರಿಸಿದ್ದೀಯಲ್ಲ ಮಾರಾಯ?”