ಖಾಲಿಯಾಗಿ ಬರುತ್ತಿದ್ದ ಲೋಟ

"ಕುಡಿದದ್ದೆಲ್ಲ ಎಲ್ಲಿಗೆ ಹೋಗ್ತಿದೆ?"

ತಾಯಿ ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲ ಜಾಲರಿಯ ಮುಂದೆ ಮೊಣಕಾಲೂರಿ, ಬಗ್ಗಿ ಮೂಸಿ ನೋಡುತ್ತಿದ್ದಳು. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಕಿಟಕಿಯ ಹೂಕುಂಡಗಳನ್ನೂ ಬೆರಳಿನಿಂದ ಕೆದಕಿಯಾಗಿತ್ತು. ಒಣ ಮಣ್ಣು.

ಮಗಳಿಗೆ ಕರುಳಿನ ಉರಿಯೂತ. ಕ್ರೋನ್ಸ್ ಎಂದು ಹೆಸರು. ಹೊಟ್ಟೆನೋವು, ರಕ್ತಭೇದಿ, ಹತ್ತು ವರ್ಷದ ಹುಡುಗಿ ಏಳರವಳಂತೆ ಕಾಣುತ್ತಿದ್ದಳು. ಕರುಳಿಗೆ ವಿಶ್ರಾಂತಿ ಬೇಕು, ಡಬ್ಬಿಯ ಪುಡಿ ಕಲಸಿದ ಪೇಯವೊಂದೇ ಅವಳ ಊಟ, ಬೇರೆ ಒಂದು ಚೂರೂ ಬಾಯಿಗೆ ಹೋಗಕೂಡದು ಎಂದಿದ್ದರು ಡಾಕ್ಟರು. ಮೊದಮೊದಲು ತೂಕ ಏರಿತು. ಆಮೇಲೆ ನಿಂತೇ ಹೋಯಿತು. ಇವತ್ತು ಅವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಮುಂದಿನ ವಾರವೂ ಹೀಗೇ ಇದ್ದರೆ ಸ್ಟೀರಾಯ್ಡ್ ಶುರುಮಾಡಬೇಕು, ಬೆಳೆಯುವ ಮಗುವಿನ ಎತ್ತರವನ್ನೇ ಅದು ತಿಂದುಬಿಡಬಹುದು. ಕುಡಿಯುತ್ತಿದ್ದಾಳೆ ತಾನೆ, ಎಂದು ಎರಡು ಸಲ ಕೇಳಿದ್ದರು. ಎರಡನೆಯ ಸಲ ತಾಯಿಗೆ ಮೈ ಉರಿದಿತ್ತು.

ಅಳೆದು ಕಲಸುವವಳು ತಾನು. ಮಗಳ ಕಣ್ಣಿಗೆ ಬೀಳಬಾರದೆಂದು ಮೆಟ್ಟಿಲ ಮೇಲೆ ಕೂತು ತಣ್ಣಗಾದ ತನ್ನ ಊಟ ನುಂಗುವವಳೂ ತಾನು. ಮಗಳು ಮಾತ್ರ ಲೋಟ ಹಿಡಿದು ಅಜ್ಜಿಯ ಕೋಣೆ ಸೇರುತ್ತಿದ್ದಳು. ಅಜ್ಜಿ ಪದ್ಯ ಹೇಳಿದರೇ ಅದು ಗಂಟಲಲ್ಲಿ ಇಳಿಯುವುದಂತೆ. ಗೋಡೆಯಾಚೆ ಪದ್ಯ ಹರಿಯುತ್ತಿತ್ತು, ಸಾಲಿನ ನಡುವೆ ತಟ್ಟನೆ ನಿಲ್ಲುತ್ತಿತ್ತು, ಮತ್ತೆ ಹರಿಯುತ್ತಿತ್ತು. ಅತ್ತೆಗೆ ವಯಸ್ಸು, ಮರೆವು ಎಂದುಕೊಳ್ಳುತ್ತಿದ್ದಳು ತಾಯಿ. ಲೋಟ ಖಾಲಿಯಾಗಿಯೇ ಬರುತ್ತಿತ್ತು.

ಕೈತೊಳೆದು ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಟ್ಟೆಪಾಡಿನ ಹೊಲಿಗೆಯ ರಾಶಿಯ ಮೇಲೆ ಅತ್ತೆಯ ನಿಲುವಂಗಿ. ಸಡಿಲವೆಂದು ವರ್ಷವರ್ಷವೂ ಹೊಲಿಗೆ ಹಿಡಿಸುತ್ತ ಬಂದವರು ಈಗ ಹೊಲಿಗೆ ಬಿಚ್ಚಿಕೊಡು, ಬಿಗಿ ಎನ್ನುತ್ತಿದ್ದರು. ಅವರು ಹೊಟ್ಟೆ ತುಂಬ ಉಂಡದ್ದನ್ನು ಸೊಸೆ ಎಂದೂ ಕಂಡವಳಲ್ಲ. ಯಾವಾಗ ಕೇಳಿದರೂ ಉಪವಾಸ. ಆ ಭಕ್ತಿಗೆ ನೆಂಟರೆಲ್ಲ ಕೈಮುಗಿಯುತ್ತಿದ್ದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಯಲ್ಲಿ ಏನಂದರು ಎಂದು ಕೇಳಿದರು. ಸೊಸೆಗೆ ವಿವರಿಸುವ ತಾಳ್ಮೆ ಉಳಿದಿರಲಿಲ್ಲ.

"ನಿಮ್ಮ ಮೊಮ್ಮಗಳು ನನ್ನ ಕಣ್ಣಿಗೆ ಮಣ್ಣೆರಚ್ತಿದಾಳೆ, ಅತ್ತೆ."

"ಮಗೂನ ಬೈಬೇಡ ಕಣೆ. ಕೊನೇ ಗುಟುಕಿನವರೆಗೂ ಖಾಲಿ ಆಗೋದನ್ನ ನಾನೇ ನೋಡ್ತೀನಲ್ಲ."

"ನೋಡಿ ನೋಡಿ ನೀವು ಮೈ ತುಂಬ್ಕೊಂಡ್ರಿ. ಅವಳು ಕಡ್ಡಿ ಹಾಗೇ ಇದಾಳೆ."

ಅತ್ತೆ ನಗಲಿಲ್ಲ. ಮುಖ ತಿರುಗಿಸಿ ಒಳಗೆ ಹೋದರು.

ಸಂಜೆ ಲೋಟ ಹಿಡಿದು ಹೊರಟ ಮಗಳನ್ನು ತಾಯಿ ಅಡುಗೆಮನೆಯ ಬಾಗಿಲಲ್ಲೇ ತಡೆದಳು. ಇವತ್ತು ಪದ್ಯವೂ ಬೇಡ, ಅಜ್ಜಿಯೂ ಬೇಡ, ಇಲ್ಲೇ ಕುಡಿ ಎಂದಳು. ಮಗಳು ಗಟಗಟನೆ ಅರ್ಧ ಕುಡಿದು, ತುಟಿಯ ಮೇಲಿನ ನೊರೆ ಒರೆಸಿಕೊಂಡು ನಿಂತಳು. ಮುಖದಲ್ಲಿ ವಾಕರಿಕೆಯಿರಲಿಲ್ಲ. ಹಸಿವಿತ್ತು. ಉಳಿದರ್ಧವನ್ನು ಆಸೆಗಣ್ಣಿನಿಂದ ನೋಡಿದಳು, ಆದರೂ ತುಟಿಗಿಡಲಿಲ್ಲ.

ತಾಯಿಯ ಸಿಟ್ಟು ಒಡೆದು ನೀರಾಯಿತು. "ಪೂರ್ತಿ ಕುಡಿಯೇ, ನಮ್ಮಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

"ಅಜ್ಜಿಗೂ ನನ್ನ ಥರಾನೇ ರಕ್ತ ಹೋಗುತ್ತೆ, ಯಾರಿಗೂ ಹೇಳಲ್ಲ ಅವರು. ನನಗೆ ಸಾಕಾಗಿ ಮಿಕ್ಕಿದ್ದು ಅಂತ ಸುಳ್ಳು ಹೇಳಿ ಅರ್ಧರ್ಧ ಕುಡಿಸ್ತಿದೀನಿ, ಈಗ ರಕ್ತ ಹೋಗೋದು ಕಮ್ಮಿಯಾಗಿದೆ," ಎಂದಳು ಮಗಳು. "ಪೂರ್ತಿ ನಾನು ಕುಡಿಯಲ್ಲ."