ಈ ತಿಂಗಳ ವಿಷಯ

"ಬಾನುಬಿ, ನಿನಗ ಉರ್ದು ಓದಾಕ ಬರ್ತೈತೇನು?"

ವಿದ್ಯಾವತಿ ಟೀಚರ್ ಎದುರು ಮನೆಯಿಂದ ಕೂಗಿ ಕೇಳಿದಾಗ ಬಾನುಬಿ ಅಂಗಳದಲ್ಲಿ ಕುಳಿತು ನಿಂಬೆಹಣ್ಣು ಆರಿಸುತ್ತಿದ್ದಳು. ಇಂಡಿ ಊರಿನ ಆ ಓಣಿಯಲ್ಲಿ ಇಬ್ಬರೂ ಬಹಳ ವರ್ಷದ ನೆರೆಯವರು. ಉಪ್ಪಿನಕಾಯಿ, ನಳದ ನೀರು, ಮಕ್ಕಳ ಮದುವೆ ಎಲ್ಲ ಮಾತಾಡಿದ್ದರು. ಈ ಮಾತು ಮಾತ್ರ ಎಂದೂ ಬಂದಿರಲಿಲ್ಲ.

"ಬರ್ತಿತ್ರಿ ಅಕ್ಕೋರ. ಬಿಜಾಪುರದಾಗ ಏಳನೇ ಇಯತ್ತಾ ತನಕ ಉರ್ದು ಸಾಲಿಗೇ ಹೋಗೇನಿ. ಯಾಕ್ರಿ?"

"ನಮ್ಮ ಓದೋ ಗುಂಪಿನಾಗ ಈ ತಿಂಗಳದ ವಿಷಯ, ನಮಗ ಬರಲಾರದ ಭಾಷಾದ್ದು ಒಂದು ಪುಸ್ತಕ. ನೀ ಓದಿ ಹೇಳ್ತಿಯೇನು?"

ಹೋದ ವರ್ಷ ಹೈಸ್ಕೂಲಿನಿಂದ ನಿವೃತ್ತಳಾದ ಮೇಲೆ ವಿದ್ಯಾವತಿ ಫೋನಿನಲ್ಲಿ ಓದುಗರ ಗುಂಪೊಂದನ್ನು ಸೇರಿದ್ದಳು. ತಿಂಗಳಿಗೊಂದು ವಿಷಯ, ಓದಿದ ಪುಸ್ತಕದ ಫೋಟೊ ಗುಂಪಿಗೆ ಹಾಕಬೇಕು. ಜನ್ಮವಿಡೀ ಒಂದೇ ಥರದ ಸಂಸಾರದ ಕಾದಂಬರಿ ಓದಿದವಳು ಈ ಸವಾಲಿನ ನೆಪದಲ್ಲಿ ಆತ್ಮಕಥೆ ಓದಿದಳು, ನಾಟಕ ಓದಿದಳು, ಜೇನುಹುಳುಗಳ ಮೇಲಿನ ಒಂದು ಪುಸ್ತಕವನ್ನೂ ಓದಿ ಮುಗಿಸಿದಳು. ಈ ಸಲ ಉಳಿದವರೆಲ್ಲ ಅನುವಾದ ಹಿಡಿದಿದ್ದರು. ಅವಳಿಗೆ ಮೂಲವನ್ನೇ ಕೇಳುವ ಹುಕಿ.

ಅದೇ ಮಧ್ಯಾಹ್ನ ಬಾನುಬಿ ಟ್ರಂಕಿನ ತಳದಿಂದ ಒಂದು ಕಾದಂಬರಿ ತೆಗೆದಳು. ಮದುವೆಯಾಗಿ ಬರುವಾಗ ತಂದದ್ದು, ರಟ್ಟು ಕಿತ್ತುಹೋಗಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಓದತೊಡಗಿದಳು. ಎರಡನೇ ಸಾಲಿಗೇ ತಡವರಿಸಿದಳು.

"ನಾಲಿಗಿ ತುಕ್ಕು ಹಿಡದೈತ್ರಿ," ಎಂದು ನಕ್ಕಳು. "ಮನ್ಯಾಗ ಕೇಳಾವ್ರ ಯಾರದಾರ? ಯಜಮಾನ್ರಿಗೆ ಪ್ಯಾಟಿ ವ್ಯಾಪಾರ ಒಂದಿದ್ರ ಸಾಕು. ಮಗ ತಬ್ರೇಜ ಕನ್ನಡ ಸಾಲಿ ಕಲ್ತಾನ, ಅವನ ಮಕ್ಕಳು ಇಂಗ್ಲಿಷ್."

ವಾರದೊಳಗೆ ತುಕ್ಕು ಬಿಟ್ಟಿತು. ಸೋದರಮಾವನ ಮನೆಯಲ್ಲಿ ಬೆಳೆಯುತ್ತಿರುವ ಒಬ್ಬ ಹುಡುಗಿಯ ಕಥೆ ಅದು. ಬಾನುಬಿ ಒಂದು ಪುಟ ಉರ್ದುವಿನಲ್ಲಿ ಓದುವಳು, ಆಮೇಲೆ ಕನ್ನಡದಲ್ಲಿ ಹೇಳುವಳು. ಮಾವ ಬೈಯುವಾಗ ಅವಳ ದನಿ ದಪ್ಪವಾಗುತ್ತಿತ್ತು, ಹುಡುಗಿ ಉತ್ತರ ಕೊಡುವಾಗ ಕತ್ತು ತಾನಾಗಿ ಬಾಗುತ್ತಿತ್ತು. ದಿನ ಕಳೆದಂತೆ ವಿದ್ಯಾವತಿ ಬರುವ ಹೊತ್ತಿಗೆ ಅವಳು ತಲೆ ಬಾಚಿ, ಬೇರೆ ಸೀರೆ ಉಟ್ಟು, ಚಹಾ ಇಟ್ಟಿರುತ್ತಿದ್ದಳು. ಒಂದು ದಿನ ಒಂದು ಸಾಲು ಓದಿ ಬೆರಳನ್ನು ಅಲ್ಲೇ ನಿಲ್ಲಿಸಿದಳು.

"ಏನಂತ ಅದು?" ವಿದ್ಯಾವತಿ ಕೇಳಿದಳು.

"ಕನ್ನಡದಾಗ ಹೇಳಿದ್ರ ಕೆಡತೈತ್ರಿ ಅಕ್ಕೋರ. ಹಂಗೇ ಕೇಳ್ರಿ."

ಅವಳು ಆ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದಿದಳು. ಅರ್ಥವಾಗದಿದ್ದರೂ ವಿದ್ಯಾವತಿಯ ಮೈಮೇಲೆ ಮುಳ್ಳೆದ್ದವು.

ತಿಂಗಳು ಮುಗಿಯಿತು. ಕಾದಂಬರಿ ಅರ್ಧವಾಗಿತ್ತು. ಅರ್ಧವಾದರೂ ನಡೆಯುತ್ತದೆ ಎಂದು ಗುಂಪಿನವರು ಹೇಳಿದರು. ವಿದ್ಯಾವತಿ ಉರ್ದು ಪುಟದ ಫೋಟೊ ಹಾಕಿದಳು. 'ಮೂಲದಲ್ಲೇ ಕೇಳಿದಿರಾ!' ಎಂದು ಗುಂಪಿಗೆ ಗುಂಪೇ ಬೆರಗಾಯಿತು. ಮರುದಿನ ಹೊಸ ವಿಷಯ ಬಂತು: ಪ್ರವಾಸ ಕಥನ. ಲೈಬ್ರರಿಯಿಂದ ತಂದ ದಪ್ಪ ಪುಸ್ತಕದಲ್ಲಿ ಅವಳು ಮುಳುಗಿದಳು. ಬಾನುಬಿಯ ಮನೆಗೆ ನಾಳೆ ಹೋದರಾಯಿತು ಅಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಒಮ್ಮೆ ಸಂತೆಗೆ ಹೊರಟಾಗ ಎದುರು ಮನೆಯ ತೆರೆದ ಬಾಗಿಲೊಳಗೆ ಕಣ್ಣು ಹೋಯಿತು. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಅದರ ಒಂದು ತುದಿಗೆ ಬಾನುಬಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದಳು. ವಿದ್ಯಾವತಿ ನಡೆದುಬಿಟ್ಟಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಬಾಗಿಲು ಸದ್ದಾಯಿತು. ಬಾನುಬಿ ಮಡಿಲ ತುಂಬ ನಿಂಬೆಹಣ್ಣು ಹಿಡಿದು ನಿಂತಿದ್ದಳು. ಮನೆಮನೆಯಲ್ಲೂ ನಿಂಬೆ ತುಂಬಿರುವ ಇಂಡಿಯಲ್ಲಿ ನಿಂಬೆಹಣ್ಣು ಕೊಡುವುದಕ್ಕೆಂದು ಯಾರೂ ಯಾರ ಮನೆಗೂ ಹೋಗುವುದಿಲ್ಲ.

"ಬಾ, ಕೂಡು."

"ಇಲ್ರಿ, ಕೆಲಸ ಐತಿ." ಹಣ್ಣು ಸುರುವಿದ ಮೇಲೂ ಅವಳು ಹೊಸ್ತಿಲು ಬಿಡಲಿಲ್ಲ. ಕುರ್ಚಿಯ ಮೇಲೆ ಬೋರಲು ಮಲಗಿಸಿದ್ದ ದಪ್ಪ ಪುಸ್ತಕವನ್ನು ನೋಡುತ್ತಿದ್ದಳು. "ಈ ತಿಂಗಳದ ವಿಷಯ ಏನೈತ್ರಿ?"

"ಪ್ರವಾಸ. ಊರೂರು ತಿರಗಿದವರು ಬರದದ್ದು."

"ಹೌದ್ರಿ?" ಬಾನುಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಮ್ಮ ಕತ್ಯಾಗೂ ಆ ಹುಡುಗಿ ಮುಂದ ರೈಲ್ ಹತ್ತತಾಳ್ರಿ. ಭಾಳ ದೂರ ಹೋಗತಾಳ."

ಆ ಹುಡುಗಿ ಮಾವನ ಮನೆಯ ಹೊಸ್ತಿಲು ದಾಟುವುದಕ್ಕೂ ಹೆದರುತ್ತಿದ್ದವಳು. ವಿದ್ಯಾವತಿ ಒಳಗೆ ಹೋಗಿ ಕನ್ನಡಕ ತಂದಳು, ಚಪ್ಪಲಿ ಮೆಟ್ಟಿದಳು, ಬಾಗಿಲು ಎಳೆದುಕೊಂಡಳು. ಓಣಿ ದಾಟುವಾಗ ಕೇಳಿದಳು:

"ಖರೇನ ರೈಲ್ ಹತ್ತತಾಳೇನ ಬಾನುಬಿ ಅಕಿ?"

ಬಾನುಬಿ ಎರಡು ಹೆಜ್ಜೆ ಮುಂದೆ ಹೋಗಿದ್ದಳು. ತಿರುಗಿ ನೋಡದೆ ಹೇಳಿದಳು:

"ನೀವು ಬರ್ರಿ ಅಕ್ಕೋರ. ಹತ್ತಲಿಲ್ಲಂದ್ರ ನಾನೇ ಹತ್ತಸ್ತೇನಿ."